ಮೂರು ಗಾಲಿಯ ರಂಗೋಲಿ

ಮಾರ್ಗಳಿ ಮಾಸದಲ್ಲಿ, ಅಂದರೆ ಧನುರ್ಮಾಸದಲ್ಲಿ, ನಮ್ಮ ನೇಕಾರರ ಬೀದಿಗೆ ಬರುವ ಬೆಳಗಿನ ಭಜನೆ ಎಲ್ಲ ಮನೆಗಳ ಮುಂದೆಯೂ ನಿಲ್ಲುವುದಿಲ್ಲ. ಬಾಗಿಲಲ್ಲಿ ದೀಪವಿರಬೇಕು. ದೀಪದ ಮುಂದೆ ರಂಗೋಲಿ ಇರಬೇಕು. ಆ ರಂಗೋಲಿ ಆ ಮನೆಯವರ ಕೈಯದೇ ಆಗಿರಬೇಕು. ಹಾಗಿದ್ದರೆ ಭಜನೆಯವರು ನಿಂತು ಆ ದಿನದ ಹಾಡನ್ನು ಪೂರ್ತಿಯಾಗಿ ಹಾಡಿ ಮುಂದೆ ಹೋಗುತ್ತಾರೆ. ಇಲ್ಲದಿದ್ದರೆ ತಾಳವನ್ನೂ ನಿಲ್ಲಿಸಿ, ತಲೆ ತಗ್ಗಿಸಿ ದಾಟಿಬಿಡುತ್ತಾರೆ.

ಕಳೆದ ವರ್ಷ ನಮ್ಮ ಮನೆಯನ್ನು ಹಾಗೆ ದಾಟಿದರು. ಅವರದೇನೂ ತಪ್ಪಿಲ್ಲ. ನನ್ನ ಹೆಂಡತಿ ಶೆಂಬಗಂ ಅದಕ್ಕೆ ಐದು ತಿಂಗಳ ಮುಂಚೆ, ಆಡಿ ಮಾಸದಲ್ಲಿ, ತೀರಿಕೊಂಡಿದ್ದಳು. ವರ್ಷ ತುಂಬದ ಸಾವಿನ ಮನೆಯ ಮುಂದೆ ಹಿಟ್ಟು ಬೀಳುವಂತಿಲ್ಲ. ಮಾಸ ಪೂರ್ತಿ ನಾನು ಬಾಗಿಲ ಹಿಂದೆ ನಿಂತು, ಎರಡನೆಯ ಮನೆಯ ಮುಂದೆ ಮುಗಿದ ಹಾಡು ನಾಲ್ಕನೆಯ ಮನೆಯ ಮುಂದೆ ಮತ್ತೆ ಶುರುವಾಗುವವರೆಗಿನ ಹೆಜ್ಜೆಗಳನ್ನು ಕೇಳಿಸಿಕೊಳ್ಳುತ್ತಿದ್ದೆ. ಐವತ್ತೊಂದು ವರ್ಷ ನಿಂತ ಹಾಡು ನಮ್ಮ ಹೊಸ್ತಿಲನ್ನು ಮರೆತು ಹೋಗುತ್ತಿತ್ತು. ವರ್ಷ ತುಂಬಿದ ಮೇಲೆ ನಾನು ಸುಬ್ರಹ್ಮಣ್ಯ ಸ್ವಾಮಿಯ ಮುಂದೆ ಬೇಡಿಕೊಂಡದ್ದು ಒಂದೇ: ಈ ಮಾರ್ಗಳಿಯಲ್ಲಿ ಹಾಡು ನಮ್ಮ ಬಾಗಿಲಲ್ಲಿ ನಿಲ್ಲಲಿ.

ಸ್ವಾಮಿ ಒಪ್ಪಿರಬಹುದು. ರಂಗೋಲಿ ಇಡುವವರು ಯಾರು ಎಂಬುದು ಉಳಿಯಿತು.

ಮನೆಯಲ್ಲಿ ಇರುವವರು ಇಬ್ಬರು. ಎಪ್ಪತ್ತನಾಲ್ಕು ವರ್ಷದ ನಾನು, ಎಂಬತ್ತು ವರ್ಷದ ನನ್ನ ಅಕ್ಕ ಕುಪ್ಪಮ್ಮಾಳ್. ಅಕ್ಕ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವಳು; ಅಂದಿನಿಂದ ರಂಗೋಲಿ ಹಿಟ್ಟನ್ನು ಮುಟ್ಟಿಲ್ಲ, ಮುಟ್ಟು ಎಂದು ಹೇಳುವ ಧೈರ್ಯ ನನಗಿಲ್ಲ. ನನಗೋ, ಅರವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಮಂಡಿಗಳು ಮಡಚುವುದನ್ನೇ ಮರೆತಿವೆ. ನಿಲ್ಲಬಲ್ಲೆ, ನಡೆಯಬಲ್ಲೆ. ಬಗ್ಗಿದರೆ ಏಳಲಾರೆ.

ಎದುರು ಮನೆಯಿಂದ ಮೂರು ತಿಂಗಳ ಹಿಂದಷ್ಟೇ ನಮ್ಮ ಪಕ್ಕದ ಮನೆಗೆ ಬಂದ ಮರಗದಂ ಜಗಲಿಯ ಮೇಲಿಂದ ಹೇಳಿದಳು: "ಅಣ್ಣಾ, ನಾನೇ ಬೆಳಿಗ್ಗೆ ಎರಡು ಎಳೆ ಎಳೆದು ಹೋಗ್ತೀನಿ ಬಿಡಿ. ನನಗೇನು ಕೈ ಸವೆಯುತ್ತಾ?"

ಒಳಗಿನಿಂದ ಅಕ್ಕ ಕೂಗಿದಳು. "ನೀನು ಎಳೆದರೆ ಅದು ನಿನ್ನ ಮನೆ ರಂಗೋಲಿ ಆಗುತ್ತೆ ಕಣೇ. ವೈದ್ಯಲಿಂಗ ಮೇಷ್ಟ್ರು ದೀಪ ಹಿಡಿದು ನೋಡಿದರೆ ಎಳೆ ಯಾರದು ಅಂತ ಹೇಳ್ತಾನೆ. ಹಿಂದೆ ರಾಜಾಂಬಾಳ್ ಮನೆ ಮುಂದೆ ಅವಳ ತಂಗಿ ಹಾಕಿದ್ದಕ್ಕೆ ಹತ್ತು ದಿನ ದಾಟಿ ಹೋಗಿದ್ದ."

ವೈದ್ಯಲಿಂಗ ಮೇಷ್ಟ್ರು ಭಜನೆಯ ಮುಖ್ಯಸ್ಥರು. ಶಾಲೆಯಲ್ಲಿ ಮೂವತ್ತೈದು ವರ್ಷ ಮಕ್ಕಳ ಅಕ್ಷರ ತಿದ್ದಿದವರು. ಈಗ ಬೀದಿಯ ರಂಗೋಲಿ ತಿದ್ದುತ್ತಾರೆ.

ಆ ರಾತ್ರಿ ಅಟ್ಟದಿಂದ ಹಳೆಯ ಪೆಟ್ಟಿಗೆಯೊಂದನ್ನು ಇಳಿಸಿ ತೆಗೆದಾಗ ಚೌಕುಳಿ ಕಾಗದದ ಒಂದು ಸುರುಳಿ ಸಿಕ್ಕಿತು. ಬಹಳ ವರ್ಷಗಳ ಹಿಂದೆ, ಹೊಸ ಸೀರೆಯ ಅಂಚಿಗೆ ವಿನ್ಯಾಸ ಸಿಗದೆ ಒದ್ದಾಡುತ್ತಿದ್ದಾಗ, ಶೆಂಬಗಂ ಹೊಸ್ತಿಲ ಮುಂದೆ ಇಟ್ಟಿದ್ದ ಎಳೆ ರಂಗೋಲಿಯನ್ನೇ ನೋಡಿ ಚೌಕುಳಿಗೆ ಇಳಿಸಿ ನೇಯ್ದಿದ್ದೆ. ಚುಕ್ಕಿಗಳನ್ನು ಬಳಸಿಕೊಂಡು ಎಲ್ಲಿಯೂ ಕಡಿಯದೆ ಸುತ್ತುವ ಎಳೆ. ಅವಳ ಕೈ ಆ ಕಾಗದದಲ್ಲಿ ಇತ್ತು. ಕಾಗದದಲ್ಲಿ ಇರುವುದನ್ನು ರಟ್ಟಿಗೆ ಇಳಿಸುವುದು ನನ್ನ ಕಸುಬು. ರಟ್ಟಿನಲ್ಲಿ ತೂತು ಹೊಡೆದು ಜಕಾರ್ಡ್ ಪೆಟ್ಟಿಗೆಗೆ ಕೊಟ್ಟರೆ, ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕು ಎಂದು ಮಗ್ಗಕ್ಕೆ ಅದೇ ಹೇಳುತ್ತದೆ. ರೇಷ್ಮೆಗೆ ಹೇಳುವುದನ್ನು ಅಕ್ಕಿಹಿಟ್ಟಿಗೆ ಯಾಕೆ ಹೇಳಬಾರದು?

ಮರುದಿನದಿಂದ ಮನೆಯ ಸಾಮಾನುಗಳು ಒಂದೊಂದಾಗಿ ಕಾಣೆಯಾದವು.

ಮೊದಲು, ಈಗ ದೂರದ ಊರಲ್ಲಿ ಗಂಡನ ಮನೆಯಲ್ಲಿರುವ ನಮ್ಮ ಮಗಳು ನಡೆ ಕಲಿತ ಮೂರು ಗಾಲಿಯ ಮರದ ಗಾಡಿ. ಅದಕ್ಕೆ ನಿಂತುಕೊಂಡೇ ಹಿಡಿಯುವಂತೆ ಬಟ್ಟೆ ಒಣಹಾಕುವ ಕೋಲನ್ನು ಕಟ್ಟಿದೆ. ಹಿಟ್ಟು ಸುರಿಸಲು ಚಕ್ಕುಲಿ ಒರಳು, ಒಂದೇ ತೂತಿನ ಬಿಲ್ಲೆಯೊಂದಿಗೆ. ಒರಳನ್ನು ಎಡಕ್ಕೂ ಬಲಕ್ಕೂ ಎಳೆಯಲು ಹರಿದ ಕೊಡೆಯ ಕಡ್ಡಿಗಳು. ರಟ್ಟುಗಳು ಹಾಯ್ದು ಹೋಗಲು ಚೌಕದ ಬಿಸ್ಕತ್ತು ಡಬ್ಬ. ಗಾಲಿ ಉರುಳಿದಂತೆ ಡಬ್ಬವೂ ಉರುಳಲಿ ಎಂದು ಇಡ್ಲಿ ತಟ್ಟೆ ಎರಡು, ಅವುಗಳ ನಡುವೆ ಲಂಗದ ಲಾಡಿ. ಗಟ್ಟಿ ರಟ್ಟು ಎಲ್ಲಿಯೂ ಸಿಗದೆ, ಶೆಂಬಗಂ ನಲವತ್ತು ವರ್ಷ ಕೂಡಿಟ್ಟಿದ್ದ ಮದುವೆಯ ಕರೆಯೋಲೆಗಳನ್ನು ತೆಗೆದು ತೂತು ಹೊಡೆದೆ. ಒಟ್ಟು ಅರವತ್ತನಾಲ್ಕು ಮದುವೆ.

ಅಕ್ಕ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ನಮ್ಮ ಚೊಕ್ಕಲಿಂಗನ ಮಗನ ಮದುವೆ ಇದು. ಹುಡುಗಿ ಹೆಸರಿಗೇ ತೂತು ಹೊಡೆದಿದೀಯಲ್ಲೋ."

"ಅವರು ಈಗ ಚೆನ್ನಾಗಿಯೇ ಇದಾರಲ್ಲ ಅಕ್ಕ."

"ಇದ್ದರು. ನಿನ್ನೆವರೆಗೆ."

ಮೊದಲ ಪ್ರಯೋಗವನ್ನು ನಡುಮನೆಯಲ್ಲಿ ಮಾಡಿದೆ. ಗಾಡಿ ಹಗುರವಾಗಿತ್ತು, ಗಾಲಿಗಳು ಜಾರಿದವು, ರಟ್ಟು ತಿರುಗಲಿಲ್ಲ. ಮಸಾಲೆ ಅರೆಯುವ ಗುಂಡುಕಲ್ಲನ್ನು ಅದರ ಮೇಲೆ ಹೇರಿದೆ. ಆಗ ಕೊಡೆಯ ಕಡ್ಡಿಗಳು ಟಕ್ಕೆಂದವು, ಒರಳು ಬಲಕ್ಕೆ ಸರಿಯಿತು, ಎಡಕ್ಕೆ ಸರಿಯಿತು, ಕೆಂಪು ಗಾರೆಯ ಮೇಲೆ ಬಿಳಿಯ ಎಳೆ ಇಳಿಯಿತು. ಗಾಡಿ ಮಂಚದ ಕೆಳಗೆ ಹೋಗಿ ಗೋಡೆಗೆ ತಗುಲಿ ನಿಂತಿತು. ನಾನು ಹಿಟ್ಟಿನ ಎಳೆಯನ್ನು ತುದಿಯಿಂದ ತುದಿಗೆ ನೋಡಿದೆ. ಅದು ಅವಳ ಎಳೆಯೇ.

ಅಕ್ಕ ಬಂದು ಎಳೆಯನ್ನು ನೋಡಿದಳು. ಆಮೇಲೆ, "ಗುಂಡು ಇಲ್ಲದೆ ಸಾರಿಗೆ ಏನು ಅರೆಯಲಿ?" ಎಂದಳು.

ಮಾರ್ಗಳಿಯ ಮೊದಲ ದಿನ ನಾಲ್ಕು ಗಂಟೆಗೆ ಎದ್ದು, ಸ್ನಾನ ಮಾಡಿ, ವಿಭೂತಿ ಇಟ್ಟು, ಗಾಡಿಯನ್ನು ಹೊಸ್ತಿಲ ಮುಂದೆ ಇಳಿಸಿದೆ. ಅಕ್ಕ ಸಗಣಿ ನೀರು ಚಳೆ ಹೊಡೆದು ದೀಪ ಇಟ್ಟಿದ್ದಳು. ಬೀದಿಯ ಉದ್ದಕ್ಕೂ ಹೆಂಗಸರು ತಮ್ಮ ತಮ್ಮ ಬಾಗಿಲ ಮುಂದೆ ಬಗ್ಗಿ ರಂಗೋಲಿ ಇಡುತ್ತಿದ್ದರು. ಗಾಡಿಯನ್ನು ಹೊಸ್ತಿಲ ಉದ್ದಕ್ಕೆ ನಾಲ್ಕು ಮೊಳ ತಳ್ಳಿ, ತಿರುಗಿಸಿ, ಹಿಂದಕ್ಕೆ ತಂದು ಎಳೆಯನ್ನು ಕೂಡಿಸುವುದು ನನ್ನ ಲೆಕ್ಕ. ಎರಡು ಮೊಳ ತಳ್ಳಿದ್ದೆ. ಎಳೆ ಸೊಗಸಾಗಿ ಇಳಿಯುತ್ತಿತ್ತು.

ಆಗ ದೇವಸ್ಥಾನದ ಗಂಟೆ ಮೊಳಗಿತು.

ನಮ್ಮ ಬೀದಿಯಲ್ಲಿ ಹುಟ್ಟಿದವರಿಗೆ ಮಾರ್ಗಳಿಯ ಮೊದಲ ಗಂಟೆ ಕಿವಿಗೆ ಬಿದ್ದರೆ ಕೈಗಳು ತಾವಾಗಿಯೇ ತಲೆಯ ಮೇಲೆ ಹೋಗಿ ಜೋಡಿಕೊಳ್ಳುತ್ತವೆ. ನೂರೆಂಟು ಏಟು ಮುಗಿಯುವವರೆಗೆ ಇಳಿಯುವುದಿಲ್ಲ. ನನ್ನ ಕೈಗಳೂ ಹೋದವು. ಕೋಲು ಕೈತಪ್ಪಿತು. ಬೀದಿಗೆ ಸಿಮೆಂಟು ಹಾಕುವಾಗ ಮಳೆ ನೀರು ಕೊಳಕ್ಕೆ ಹರಿಯಲೆಂದು ಇಳಿಜಾರು ಕೊಟ್ಟಿದ್ದರು. ಗುಂಡುಕಲ್ಲಿನ ಭಾರಕ್ಕೆ ಗಾಡಿ ತಾನಾಗಿಯೇ ಹೊರಟಿತು.

ಅದು ಓಡಲಿಲ್ಲ. ನಡೆ ಕಲಿಯುವ ಮಗುವಿನ ವೇಗದಲ್ಲಿ, ಟಕ್ ಟಕ್ ಎಂದು, ಎಳೆ ಬಿಡುತ್ತಾ ಹೋಯಿತು. ನಾನು ಕೈ ಮುಗಿದು ನೋಡುತ್ತಿದ್ದೆ. ಮರಗದಂ ಕೈ ಮುಗಿದು ನೋಡುತ್ತಿದ್ದಳು. ಇಡೀ ಸಾಲಿನ ಹೆಂಗಸರು ಕೈ ಮುಗಿದು ನಿಂತು, ಕಣ್ಣು ಮಾತ್ರ ಹೊರಳಿಸಿ, ತಮ್ಮ ಮುಂದೆ ಹಾದುಹೋಗುವ ಗಾಡಿಯನ್ನು ನೋಡುತ್ತಿದ್ದರು. ಯಾರೂ ಕೈ ಇಳಿಸಲಿಲ್ಲ.

ಗಂಟೆ ನಿಂತಾಗ ಗಾಡಿ ಏಳು ಮನೆ ದಾಟಿತ್ತು.

"ಅಣ್ಣಾ," ಎಂದಳು ಮರಗದಂ ನಿಧಾನವಾಗಿ, "ನಿಮ್ಮ ಗಾಡಿ ನನ್ನ ನವಿಲಿನ ಕತ್ತಿನ ಮೇಲೆ ಹಾದುಹೋಯ್ತು."

"ಕ್ಷಮಿಸಮ್ಮಾ."

"ಪರವಾಗಿಲ್ಲ. ಹೋಗಿ ಹಿಡೀರಿ ಮೊದಲು."

ಹಿಡಿಯಲು ಹೊರಟೆ. ನನ್ನ ಮಂಡಿಗಳ ವೇಗವೂ ಆ ಗಾಡಿಯ ವೇಗವೂ ಒಂದೇ ಎಂದು ಆಗ ಗೊತ್ತಾಯಿತು. ಏಳು ಮನೆ ಹಿಂದೆ ಹೊರಟವನು ಏಳು ಮನೆ ಹಿಂದೆಯೇ ಇದ್ದೆ. ಇನ್ನೊಂದು ವಿಷಯವೂ ಆಗ ಹೊಳೆಯಿತು. ಮಗ್ಗದ ಅಭ್ಯಾಸದಿಂದ ನಾನು ಕೊನೆಯ ರಟ್ಟನ್ನು ಮೊದಲ ರಟ್ಟಿಗೆ ಹೊಲಿದುಬಿಟ್ಟಿದ್ದೆ. ಮಗ್ಗದಲ್ಲಿ ಹಾಗೆಯೇ ಮಾಡಬೇಕು. ಸೀರೆ ಮುಗಿಯುವವರೆಗೆ ಅಂಚು ಮತ್ತೆ ಮತ್ತೆ ಬರುತ್ತಿರಬೇಕು. ಆದರೆ ರಂಗೋಲಿ ಅಂಚಲ್ಲ. ಅದು ಎಲ್ಲಾದರೂ ತಿರುಗಿ ತನ್ನನ್ನು ತಾನು ಸೇರಬೇಕು. ನನ್ನದು ಸೇರುವ ಲಕ್ಷಣವೇ ಇರಲಿಲ್ಲ.

"ಯಾರಾದರೂ ಅದನ್ನು ಹಿಡಿದು ನಿಲ್ಲಿಸಿ," ಎಂದು ಕೂಗಿದೆ.

ಗಾಡಿ ಆಗ ತಾಯಾರಮ್ಮನ ಬಾಗಿಲಲ್ಲಿತ್ತು. ಅವಳು ಸೀರೆ ಎತ್ತಿ ಕಟ್ಟಿ ಮುಂದೆ ಬಂದಳು, ಕೈ ಚಾಚಿದಳು, ಏನೋ ನೆನಪಾದವಳಂತೆ ಹಿಂದೆ ಸರಿದಳು. "ಇಲ್ಲಿ ನಿಲ್ಲಿಸಿದರೆ ಎಳೆ ನಮ್ಮ ಬಾಗಿಲಲ್ಲಿ ಕಡಿದ ಹಾಗಲ್ವಾ? ಮೊದಲ ದಿನವೇ? ನಮ್ಮನೇಲಿ ಮಗಳಿಗೆ ಗಂಡು ನೋಡ್ತಿದೀವಿ. ಮುಂದಿನ ಮನೆಯಲ್ಲಿ ಹಿಡೀಲಿ."

ಮುಂದಿನ ಮನೆಯವನು ದೊರೆಸ್ವಾಮಿ. "ಓಹೋ, ನಮ್ಮ ಬಾಗಿಲಲ್ಲಿ ಕಡಿದರೆ ಪರವಾಗಿಲ್ವಾ ತಾಯಾರಕ್ಕಾ? ನಮ್ಮನೇಲಿ ಬಸುರಿ ಇದಾಳೆ. ದಾಟಲಿ, ದಾಟಲಿ." ಅವನು ಗಾಡಿಗೆ ಇನ್ನಷ್ಟು ವೇಗ ಬರಲೆಂದು ಹಿಂದಿನಿಂದ ಬೀಸಣಿಗೆಯಲ್ಲಿ ಗಾಳಿ ಬೀಸಿದ.

ಹೀಗೆ ಮನೆಯಿಂದ ಮನೆಗೆ. ಯಾರಿಗೂ ತಮ್ಮ ಬಾಗಿಲಲ್ಲಿ ಎಳೆ ಕಡಿಯುವುದು ಬೇಡ. ಹದಿಮೂರನೆಯ ಮನೆಯ ಮುಂದೆ ಹಿಟ್ಟು ಮುಗಿಯುತ್ತಾ ಬಂತು. ಎಳೆ ಸೊರಗಿದ್ದನ್ನು ಕಂಡು ಆ ಮನೆಯ ಸೊಸೆ ಒಳಗೆ ಓಡಿ, ದೋಸೆಗೆಂದು ಬೀಸಿಟ್ಟಿದ್ದ ಹಿಟ್ಟನ್ನು ಮೊರದಲ್ಲಿ ತಂದು, ಗಾಡಿಯ ಜೊತೆ ನಡೆಯುತ್ತಲೇ ಒರಳಿಗೆ ತುಂಬಿದಳು. ಮುಂದಿನ ಮನೆಯವರು ಸೌಟು ಹಿಡಿದು ಕಾದು ನಿಂತರು. ಮದುವೆ ಮನೆಯಲ್ಲಿ ಬಡಿಸುವವರ ಹಾಗೆ ಒಬ್ಬರಾದ ಮೇಲೆ ಒಬ್ಬರು ಹಾಕಿದರು. ನಾನು ಹಿಂದಿನಿಂದ ಎಲ್ಲರಿಗೂ ಕೈ ಮುಗಿಯುತ್ತಾ ಹೋದೆ.

"ಏಕಾಂಬರಣ್ಣಾ, ನಾಳೆಯೂ ಬರುತ್ತಾ ಇದು?" ಎಂದು ಯಾರೋ ಜಗಲಿಯಿಂದ ನನ್ನನ್ನು ಕೇಳಿದರು. "ಬರೋದಾದರೆ ಸ್ವಲ್ಪ ಮುಂಚೆ ಹೇಳಿ, ನಾನು ಮಲಗೇ ಇರ್ತೀನಿ."

ಸಾಲಿನ ಕೊನೆಯ ಮನೆಯ ಮುಂದೆ ಒಂದು ಕೈಪಂಪು ಇದೆ. ಗಾಡಿ ಅದಕ್ಕೆ ತಗುಲಿ ನಿಂತಿತು. ಎಳೆ ಅಲ್ಲಿ ಕಡಿಯಿತು. ಅದು ವೈದ್ಯಲಿಂಗ ಮೇಷ್ಟ್ರ ಮನೆ.

ಮೇಷ್ಟ್ರ ಹೆಂಡತಿ ತೈಯಲ್‌ನಾಯಕಿ ಹೊರಗೆ ಬಂದು ಎಳೆಯ ತುದಿಯನ್ನು ನೋಡಿದರು, ಗಾಡಿಯನ್ನು ನೋಡಿದರು, ಆಮೇಲೆ ಏದುಸಿರು ಬಿಡುತ್ತಾ ಬಂದ ನನ್ನನ್ನು ನೋಡಿದರು.

"ಇದು ಎಲ್ಲಿಂದ ಬಂತು?"

"ನಮ್ಮ ಹೊಸ್ತಿಲಿಂದ."

"ಹದಿನೇಳು ಬಾಗಿಲು ದಾಟಿ ನಮ್ಮ ಬಾಗಿಲಲ್ಲೇ ಕಡೀಬೇಕಾಗಿತ್ತಾ? ಅವರು ಬರ್ತಾರೆ, ನೀವೇ ಹೇಳಿಕೊಳ್ಳಿ." ಅವರು ದೀಪದ ಪಕ್ಕದಲ್ಲಿ ಕೂತು ತಲೆಗೆ ಕೈ ಹಚ್ಚಿದರು.

ಬೀದಿಯ ಮೇಲ್ತುದಿಯಲ್ಲಿ ಭಜನೆ ಶುರುವಾಗಿತ್ತು. ಮೊದಲ ಮನೆಯ ಮುಂದೆ ಹಾಡು ಕೇಳಿಸಿತು. ಎರಡನೆಯ ಮನೆಯ ಮುಂದೆ ಕೇಳಿಸಿತು. ಮೂರನೆಯದು ನಮ್ಮ ಮನೆ.

ತಾಳ ನಿಂತಿತು.

ನಾಲ್ಕನೆಯ ಮನೆಯ ಮುಂದೆಯೂ ಹಾಡು ಏಳಲಿಲ್ಲ. ಐದನೆಯದರ ಮುಂದೆಯೂ ಇಲ್ಲ. ದೀಪದ ಕಂಬ ಹಿಡಿದವನು ಮುಂದೆ, ಹನ್ನೆರಡು ಜನ ಹಿಂದೆ, ಎಲ್ಲರೂ ತಲೆ ತಗ್ಗಿಸಿ ಎಳೆಯನ್ನೇ ನೋಡುತ್ತಾ ಸದ್ದಿಲ್ಲದೆ ಇಳಿದು ಬಂದರು. ಬಾಗಿಲಲ್ಲಿ ದೀಪ ಹಿಡಿದು ನಿಂತ ಹೆಂಗಸರ ಮುಖಗಳು ಒಂದೊಂದಾಗಿ ಬಾಡಿದವು. ಕಳೆದ ವರ್ಷ ನಾನೊಬ್ಬ ಬಾಗಿಲ ಹಿಂದೆ ಅನುಭವಿಸಿದ್ದನ್ನು ಈಗ ಇಡೀ ಸಾಲಿಗೆ ಹಂಚಿದ್ದೆ.

ಮೇಷ್ಟ್ರು ತಮ್ಮ ಮನೆಯ ಮುಂದೆ ನಿಂತರು. ಕನ್ನಡಕ ಸರಿಮಾಡಿಕೊಂಡರು.

"ಮೊದಲಿಯಾರೇ, ಇದು ಮುಗಿದಿಲ್ಲ."

"ಇಲ್ಲ ಮೇಷ್ಟ್ರೇ," ಎಂದೆ.

"ಮುಗಿಯದ ರಂಗೋಲಿ ರಂಗೋಲಿಯಲ್ಲ. ಅದರ ಮುಂದೆ ಹಾಡುವ ಹಾಗಿಲ್ಲ. ಅದು ಹದಿನೇಳು ಮನೆಗಳ ರಂಗೋಲಿಗಳ ಮೇಲೂ ಹರಿದಿರೋದರಿಂದ ಅವುಗಳ ಮುಂದೆಯೂ ಹಾಡುವ ಹಾಗಿಲ್ಲ."

"ಯಾವ ಶಾಸ್ತ್ರದಲ್ಲಿದೆ ಅದು?" ಎಂದರು ತೈಯಲ್‌ನಾಯಕಿ.

"ಶಾಸ್ತ್ರ ಬೇಡ, ಕಣ್ಣು ಸಾಕು. ಎಳೆ ಎಲ್ಲಿ ಹುಟ್ಟಿತೋ ಅಲ್ಲಿ ಸೇರಬೇಕು."

"ಹಾಗಾದರೆ ಸೇರಿಸಿ. ನನ್ನ ಬಾಗಿಲಲ್ಲಿ ತುಂಡು ಎಳೆ ಇಟ್ಟುಕೊಂಡು ನಾನು ಇವತ್ತು ಒಲೆ ಹಚ್ಚೋದಿಲ್ಲ. ನಿಮಗೆ ಕಾಫಿಯೂ ಇಲ್ಲ, ತಿಂಡಿಯೂ ಇಲ್ಲ."

ಮೇಷ್ಟ್ರು ಪೂರ್ವದ ಕಡೆ ನೋಡಿದರು, ಇನ್ನೂ ಕತ್ತಲಿತ್ತು. ಸೂರ್ಯ ಕಂಡ ಮೇಲೆ ಆ ದಿನದ ಹಾಡು ಇಲ್ಲ. ಆಮೇಲೆ ಬೀದಿಯ ಎದುರು ಸಾಲನ್ನು ನೋಡಿದರು.

"ಬಾವಿ ಹಗ್ಗ ತನ್ನಿ," ಎಂದರು.

ಇಳಿಜಾರಿನಲ್ಲಿ ಇಳಿದ ಗಾಡಿಯನ್ನು ಎದುರು ಸಾಲಿನ ಮುಂದೆ ಏರಿನಲ್ಲಿ ಎಳೆದು, ಎಳೆಯನ್ನು ನಮ್ಮ ಹೊಸ್ತಿಲಿಗೆ ಮುಟ್ಟಿಸಬೇಕು. ಹಾರ್ಮೋನಿಯಂನವನು, ಮೃದಂಗದವನು, ಶಂಖದವನು ತಮ್ಮ ವಾದ್ಯಗಳನ್ನು ಮೇಷ್ಟ್ರ ಜಗಲಿಯ ಮೇಲಿಟ್ಟು ಹಗ್ಗ ಹಿಡಿದರು. ನಾನು ಹಿಂದಿನಿಂದ ಕೋಲು ಹಿಡಿದು ದಿಕ್ಕು ನೋಡಿಕೊಂಡೆ. ಕೈಪಂಪನ್ನು ಸುತ್ತಿ ಎದುರು ಸಾಲಿಗೆ ಹೊರಳಿದೆವು. ಆ ಸಾಲಿನವರು ಅಷ್ಟು ಹೊತ್ತು ಜಗಲಿಗಳ ಮೇಲೆ ನಿಂತು ನಗುತ್ತಿದ್ದವರು. ಈಗ ಮೊರ ಹಿಡಿದು ಓಡಿ ಬಂದರು.

"ನಮ್ಮ ಬಾಗಿಲಲ್ಲಿ ನಿಲ್ಲಿಸಿ ಉಸಿರು ತಗೋಬೇಡಿ ಮೇಷ್ಟ್ರೇ. ಬೇಕಾದರೆ ನಾನೂ ಎಳೀತೀನಿ."

"ಹಾಗೇ ಹಿಟ್ಟು ಹಾಕು. ರಾಗಿ ಹಿಟ್ಟಲ್ಲ, ಬಿಳಿಯದು."

"ಬಿಳಿಯದು ಮುಗೀತು. ಮೈದಾ ಆಗುತ್ತಾ?"

ಮೇಷ್ಟ್ರು ನಡೆಯುತ್ತಲೇ ಕಣ್ಣು ಮುಚ್ಚಿ ತೆರೆದರು. "ಆಗುತ್ತೆ."

ಅವರು ಅಷ್ಟು ಸಡಿಲಬಿಟ್ಟಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅರವತ್ತನಾಲ್ಕು ಮದುವೆಗಳು ಬಿಸ್ಕತ್ತು ಡಬ್ಬದ ಮೇಲೆ ಸುತ್ತುತ್ತಲೇ ಇದ್ದವು. ಶೆಂಬಗಂಳ ಎಳೆ, ಅವಳು ಜನ್ಮದಲ್ಲಿ ಕಾಲಿಡದ ಬಾಗಿಲುಗಳ ಮುಂದೆಯೂ, ಅವಳ ಜೊತೆ ನೀರಿಗಾಗಿ ಜಗಳವಾಡಿ ಮಾತು ಬಿಟ್ಟಿದ್ದವರ ಬಾಗಿಲ ಮುಂದೆಯೂ, ಒಂದೇ ಸಮನಾಗಿ ಇಳಿಯಿತು. ಮಾತು ಬಿಟ್ಟಿದ್ದವರು ಎರಡು ಸೌಟು ಹಾಕಿದರು.

ಬೀದಿಯ ಮೇಲ್ತುದಿಯಲ್ಲಿ ಹೊರಳಿ, ಮೊದಲೆರಡು ಮನೆಗಳನ್ನು ಜಗಲಿಗೆ ತಾಗದಂತೆ ದಾಟಿಸಿ, ನಮ್ಮ ಹೊಸ್ತಿಲ ಮುಂದೆ ಬಂದೆವು. ಎಳೆಯ ಹುಟ್ಟಿಗೆ ಒಂದು ಮೊಳ ಇರುವಾಗ ಲಂಗದ ಲಾಡಿ ತುಂಡಾಯಿತು. ಇಡ್ಲಿ ತಟ್ಟೆ ಉರುಳಿ ಚರಂಡಿಗೆ ಬಿತ್ತು. ಗಾಡಿ ನಿಂತಿತು.

ಪೂರ್ವದಲ್ಲಿ ಬೂದಿ ಬಣ್ಣ ಬಂದಿತ್ತು.

"ನಾನು ಸೇರಿಸಲಾ ಅಣ್ಣಾ?" ಎಂದಳು ಮರಗದಂ.

"ಮನೆಯವರ ಕೈ," ಎಂದರು ಮೇಷ್ಟ್ರು. ಆದರೆ ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು.

ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. "ಏಕಾಂಬರಾ, ನಿನಗೆ ಕೂರೋಕೆ ತಾನೇ ಆಗಲ್ಲ? ಮಲಗೋಕೆ ಆಗುತ್ತಲ್ಲ."

ಮಲಗಿದೆ. ಇಬ್ಬರು ತೋಳು ಹಿಡಿದು ನಿಧಾನವಾಗಿ ಇಳಿಸಿದರು. ದೇವರ ಮುಂದೆ ಬೀಳುವಂತೆ ಉದ್ದಕ್ಕೆ, ಹೊಟ್ಟೆಯ ಮೇಲೆ, ಸಗಣಿ ಒಣಗದ ನೆಲದ ಮೇಲೆ ಮಲಗಿ, ಒರಳಿನಲ್ಲಿ ಉಳಿದ ಹಿಟ್ಟನ್ನು ಬೆರಳಿಗೆ ತೆಗೆದುಕೊಂಡೆ. ಇಡೀ ಬೀದಿ ಸುತ್ತಲೂ ನಿಂತಿತ್ತು. ಎಳೆ ನಡುಗಿತು. ಎರಡು ಕಡೆ ಹಿಟ್ಟು ಗುಪ್ಪೆಯಾಯಿತು, ಒಂದು ಕಡೆ ತೆಳುವಾಯಿತು. ಒಂದು ಚುಕ್ಕಿಯಿಟ್ಟು ಅದನ್ನು ಸುತ್ತಿ, ಅವಳು ಹೊರಳಿಸುತ್ತಿದ್ದ ಹಾಗೆ ಹೊರಳಿಸಲು ನೋಡಿ, ಕೊನೆಗೆ ತುದಿಗೆ ತುದಿ ಮುಟ್ಟಿಸಿದೆ.

"ಗಂಟು ದಪ್ಪವಾಯ್ತು," ಎಂದ ದೊರೆಸ್ವಾಮಿ. ನೇಕಾರ ನೇಕಾರನಿಗೆ ಹೇಳುವ ಮಾತು ಅದು.

"ಬಿಡಿ, ಸೇರಿತು," ಎಂದರು ಮೇಷ್ಟ್ರು. ಅವರು ಬೀದಿಯ ಎರಡೂ ಸಾಲುಗಳನ್ನು ನೋಡಿ, ಲೆಕ್ಕ ಹಾಕಿ, ತೀರ್ಪು ಹೇಳಿದರು: "ನಲವತ್ತು ಬಾಗಿಲಿಗೆ ಈಗ ರಂಗೋಲಿ ಒಂದೇ. ರಂಗೋಲಿ ಒಂದಾದರೆ ಹಾಡೂ ಒಂದೇ. ಎಳೆ ಹುಟ್ಟಿದ ಬಾಗಿಲಲ್ಲಿ ಹಾಡಬೇಕು. ಎಲ್ಲರೂ ಇಲ್ಲಿಯೇ ನಿಲ್ಲಿ."

ನಲವತ್ತು ಮನೆಯವರು ತಮ್ಮ ತಮ್ಮ ದೀಪಗಳನ್ನು ಎತ್ತಿಕೊಂಡು ಬಂದು ನಮ್ಮ ಮನೆಯ ಮುಂದೆ ನಿಂತರು. ಹಾರ್ಮೋನಿಯಂ ತರಲು ಓಡಿದವನು ಇನ್ನೂ ಬಂದಿರಲಿಲ್ಲ. ನನಗೆ ಒಂದು ಚಿಂತೆ ಹತ್ತಿತು. ಈ ಬಾಗಿಲಲ್ಲಿ ಯಾವಾಗಲೂ ನಿಲ್ಲುತ್ತಿದ್ದವಳು ಶೆಂಬಗಂ. ನಾನು ಆ ಹೊತ್ತಿಗೆ ಒಳಗೆ ಮಗ್ಗದಲ್ಲಿ ಇರುತ್ತಿದ್ದೆ.

"ಮೇಷ್ಟ್ರೇ," ಎಂದು ನೆಲದ ಮೇಲಿಂದಲೇ ಕೇಳಿದೆ, "ಹಾಡು ಮುಗಿಯುವಾಗ ಮನೆಯವರು ಏನು ಕೊಡಬೇಕು? ಅವಳು ಏನು ಕೊಡ್ತಿದ್ದಳು?"

"ಅವರು ಏನೂ ಕೊಡ್ತಿರಲಿಲ್ಲ. ಕೊನೆ ಸಾಲನ್ನು ನಮ್ಮ ಜೊತೆ ಹಾಡ್ತಿದ್ದರು."

"ಹಾಡ್ತಿದ್ದಳಾ?"

"ಪ್ರತಿ ವರ್ಷ. ನೀವು ಕೇಳಿಲ್ವಾ ಮೊದಲಿಯಾರೇ?"

ಮಗ್ಗದ ಲಾಳಿ ಹೊಡೆಯುವ ಸದ್ದಿನಲ್ಲಿ ನಾನು ಕೇಳಿರಲಿಲ್ಲ. ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಒಳಗೆ ನೋಡಿದಳು.

ಹಾರ್ಮೋನಿಯಂ ಬಂತು. ಹಾಡು ಶುರುವಾಯಿತು. ತೋಳು ಹಿಡಿದು ಎತ್ತಲು ಬಂದ ಇಬ್ಬರಿಗೆ ಸ್ವಲ್ಪ ತಡೆಯಿರಿ ಎಂದು ಕೈ ಸನ್ನೆ ಮಾಡಿದೆ. ಏಳುವ ಗಡಿಬಿಡಿಯಲ್ಲಿ ಆ ಸಾಲು ತಪ್ಪಿಹೋದರೆ ನಾಳೆಯವರೆಗೆ ಕಾಯಬೇಕು. ಕೊನೆಯ ಸಾಲು ಬಂದಾಗ ಗಲ್ಲವನ್ನು ನೆಲಕ್ಕೆ ಊರಿ, ಗೊತ್ತಿದ್ದಷ್ಟು, ಹಾಡಿದೆ. ಶ್ರುತಿ ಸೇರಲಿಲ್ಲ. ಉಸಿರಿಗೆ ಹಿಟ್ಟು ಎದ್ದು ಬಾಯಿಗೆ ಬಂತು, ಅರ್ಧ ಅಕ್ಕಿ, ಅರ್ಧ ಮೈದಾ. ಅದನ್ನು ನುಂಗಿ ಉಳಿದ ಎರಡು ಪದಗಳನ್ನೂ ಹಾಡಿದೆ.